ಕೊಡಗಿನ ಮಳೆಗಾಲಕ್ಕೊಂದು ಪ್ಲಾಸ್ಟಿಕ್ ಲೆನ್ಸ್: ಹೋಲ್ಗಾ ಬಳಸಿದ ಅನುಭವ

ಬಿಸಿಲಿರುವ ದಿನ ಈ ಲೆನ್ಸನ್ನು ಚೀಲದಿಂದ ತೆಗೆಯಲೇಬೇಡಿ. ಡಿಜಿಟಲ್ ಎಸ್‌ಎಲ್‌ಆರ್‌ಗೆ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಕ್ಕೆ) ಹಾಕಿಕೊಳ್ಳುವ ಹೋಲ್ಗಾ ಲೆನ್ಸನ್ನು ಕೆಲವು ವರ್ಷ ಮಡಿಕೇರಿಯ ಆಸುಪಾಸಿನಲ್ಲಿ ಬಳಸಿದ ಮೇಲೆ ನಾನು ಮೊದಲು ಹೇಳುವುದು ಇದನ್ನೇ. ಮಂಜು ಕವಿದ ದಿನ ಮಾತ್ರ ಇದಕ್ಕೆ ಸಾಟಿಯಿಲ್ಲ.

ಹೋಲ್ಗಾ ಮೂಲತಃ 1980ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಅಗ್ಗದ ಕ್ಯಾಮೆರಾ. 120 ಎಂಬ ಅಗಲದ ಫಿಲ್ಮ್ ಸುರುಳಿ, ಚೌಕಾಕಾರದ ಚಿತ್ರ, 60 ಮಿ.ಮೀ.ನ ಒಂಟಿ ಪ್ಲಾಸ್ಟಿಕ್ ಮಸೂರ. ಮೂಲೆಗಳಿಗೆ ಬೆಳಕು ಸಾಲದೆ ಕಪ್ಪಾಗುತ್ತಿತ್ತು, ಅಂಚು ಮಸುಕಾಗುತ್ತಿತ್ತು, ಹಿಂಬದಿಯ ಸಂದಿಯಿಂದ ಬೆಳಕು ಸೋರುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮ್ ಜಾಗದಲ್ಲಿರುವ ಸಣ್ಣ ಸೆನ್ಸರ್ ಚಿತ್ರದ ನಡುಭಾಗವನ್ನಷ್ಟೇ ಹಿಡಿಯುವುದರಿಂದ ಆ ಕಪ್ಪು ತಾನಾಗಿ ಬರುವುದಿಲ್ಲ. ಅದಕ್ಕೆಂದೇ ಲೆನ್ಸ್ ಒಳಗೆ ಸಣ್ಣ ರಂಧ್ರಗಳ ಬಳೆಯೊಂದನ್ನು ಇಟ್ಟಿದ್ದಾರೆ. ದೋಷವನ್ನೂ ವಿನ್ಯಾಸ ಮಾಡಬೇಕಾಗಿ ಬಂದದ್ದು ತಮಾಷೆಯೇ ಸರಿ.

ಬಳಸುವುದು ಸುಲಭ. ಫೋಕಸ್ ಉಂಗುರದ ಮೇಲೆ ಒಬ್ಬ ಮನುಷ್ಯ, ಮೂವರು, ಗುಂಪು, ಬೆಟ್ಟ ಎಂಬ ಚಿಹ್ನೆಗಳಿವೆ. ನಮ್ಮ ಕೆಲಸಕ್ಕೆ ಬೆಟ್ಟ ಸಾಕು. ಬೆಳಕು ಒಳಬರುವ ಕಿಂಡಿ, ಅಂದರೆ ಅಪರ್ಚರ್, ಎಫ್/8ರ ಕಿರಿದಾದ ಅಳತೆಗೆ ಕಟ್ಟುಬಿದ್ದಿದೆ. ವ್ಯೂಫೈಂಡರ್ ಕತ್ತಲಾಗುವುದರಿಂದ ಹಿಂದಿನ ಪರದೆ ನೋಡಿಕೊಂಡೇ ತೆಗೆಯಿರಿ. ಆಷಾಢದ ಮೋಡದಲ್ಲಿ ಬೆಳಕಿಗೆ ಸೆನ್ಸರ್ ತೋರುವ ಸಂವೇದನೆಯನ್ನು, ಅಂದರೆ ಐಎಸ್‌ಒ 1600ಕ್ಕೆ ಏರಿಸಬೇಕಾಗುತ್ತದೆ. ಹಾಗೆ ಬರುವ ಒರಟು ಕಣಗಳು ಈ ಚಿತ್ರಗಳಿಗೆ ಒಪ್ಪುತ್ತವೆ.

ಸಣ್ಣ ಸೆನ್ಸರ್‌ನಲ್ಲಿ 60 ಮಿ.ಮೀ. ಎಂದರೆ ಸುಮಾರು 90 ಮಿ.ಮೀ.ನ ಇಕ್ಕಟ್ಟಾದ ನೋಟ. ರಾಜಾಸೀಟ್‌ನಲ್ಲಿ ನಿಂತು ಇಡೀ ಕಣಿವೆಯನ್ನು ಹಿಡಿಯುತ್ತೇನೆಂದರೆ ಆಗದು. ಆದರೆ ಮಾಂದಲಪಟ್ಟಿಯ ಹುಲ್ಲುಗುಡ್ಡದಲ್ಲಿ ಮಂಜಿನೊಳಗೆ ಕರಗುವ ಒಂದು ತಿರುವು, ತೋಟದ ಅಂಚಿನ ಒಂಟಿ ಸಿಲ್ವರ್ ಓಕ್, ಭಾಗಮಂಡಲದ ಕಡೆ ನಾಟಿಗೆ ನೀರು ನಿಲ್ಲಿಸಿದ ಗದ್ದೆಯ ಏರಿ, ಇಂಥವು ಇದರ ವಿಷಯಗಳು. ಕಾಫಿ ತೋಟದ ಗಿಡ, ಬಳ್ಳಿ, ಕಂಬ, ತಂತಿಗಳ ಗೊಂದಲವನ್ನು ಈ ಮಸೂರ ಅಂಚಿನಲ್ಲಿ ಒರೆಸಿಹಾಕುತ್ತದೆ. ನಡುವೆ ಒಂದೇ ವಸ್ತು ಉಳಿಯುತ್ತದೆ. ಹೂಮಳೆಯ ನಂತರ ಅರಳಿದ ಕಾಫಿ ಹೂವಿಗೆ ಮಾತ್ರ ಇದು ಶತ್ರು. ಗೊಂಚಲುಗಳೆಲ್ಲ ಚೆಲ್ಲಿದ ಮೊಸರಿನಂತೆ ಕಾಣುತ್ತವೆ.

ಕಂಪ್ಯೂಟರಿನಲ್ಲೇ ಚಿತ್ರಕ್ಕೆ ಈ ಮಸುಕು, ಕಪ್ಪು ಮೂಲೆ ಕೊಡಬಾರದೇ? ಮಾಡಬಹುದು, ವಿಶಾಲ ನೋಟಗಳಿಗೆ ನಾನೂ ಹಾಗೇ ಮಾಡುತ್ತೇನೆ. ಆದರೆ ಹೆಚ್ಚಿನವರು ಚೂಪಾದ ಚಿತ್ರದ ಸುತ್ತ ಮಸುಕಿನ ಉಂಗುರ ಬಳಿದು ನಿಲ್ಲಿಸುತ್ತಾರೆ. ನಿಜವಾದ ಪ್ಲಾಸ್ಟಿಕ್ ಮಸೂರದಲ್ಲಿ ನಡುಭಾಗವೂ ಅಷ್ಟೇನೂ ಚೂಪಲ್ಲ, ಅಂಚಿನ ಮಸುಕು ಸಮನಾಗಿ ಹರಡದೆ ಎಳೆದಂತಿರುತ್ತದೆ. ಹಾಗಾಗಿ ಮೊದಲು ಇಡೀ ಚಿತ್ರದ ಕಾಂಟ್ರಾಸ್ಟ್ ತಗ್ಗಿಸಿ, ನಡುವನ್ನೂ ತುಸು ಮೆದುಗೊಳಿಸಿ. ಚೌಕಕ್ಕೆ ಕತ್ತರಿಸಿದ ನಂತರವೇ ಮೂಲೆ ಕಪ್ಪಾಗಿಸಿ. ಮೊದಲೇ ಮಾಡಿದರೆ ಆ ಕಪ್ಪು ಕತ್ತರಿಗೆ ಹೋಗುತ್ತದೆ. ಸ್ಲೈಡ್ ಫಿಲ್ಮನ್ನು ನೆಗೆಟಿವ್ ರಾಸಾಯನಿಕದಲ್ಲಿ ತೊಳೆದಾಗ ಬರುವ ವಿಚಿತ್ರ ಬಣ್ಣಗಳ ಅನುಕರಣೆ ಕೊಡಗಿನ ಹಸಿರಿಗೆ ಹಿಡಿಸುವುದಿಲ್ಲ, ಗುಡ್ಡಕ್ಕೆಲ್ಲ ಕಾಮಾಲೆ ಬಂದಂತಾಗುತ್ತದೆ. ಆ್ಯಪ್‌ಗಳ ಬೆಳಕು ಸೋರಿದಂತೆ ತೋರಿಸುವ ಸಿದ್ಧ ಕಿತ್ತಳೆ ಗೆರೆಯಂತೂ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಸೋರುತ್ತದೆ. ಅದನ್ನು ನಾನು ಮುಟ್ಟುವುದೇ ಇಲ್ಲ.

ಲೆನ್ಸ್‌ನಲ್ಲೇ ಬಂದ ಮಸುಕನ್ನು ಆಮೇಲೆ ತೆಗೆಯಲಾಗದು ಎಂಬುದೂ ನೆನಪಿರಲಿ. ಹೋಂಸ್ಟೇ ಜಾಹೀರಾತಿಗೆ ಚಿತ್ರ ಒಪ್ಪಿಕೊಂಡಿದ್ದರೆ ಇದನ್ನು ಮನೆಯಲ್ಲೇ ಬಿಟ್ಟುಹೋಗಿ, ಮಾಲೀಕರು ಕ್ಯಾಮೆರಾ ಕೆಟ್ಟಿದೆಯೇ ಎಂದು ಕೇಳುತ್ತಾರೆ.

ಇಲ್ಲಿನ ತೇವಕ್ಕೆ ಗಾಜಿನ ಲೆನ್ಸ್‌ಗಳಲ್ಲಿ ಬೂಷ್ಟು ಕಟ್ಟುವ ಭಯ ಇದ್ದದ್ದೇ. ಅಗ್ಗದ ಇದನ್ನು ಜಿಟಿಜಿಟಿ ಮಳೆಯಲ್ಲೂ ಧೈರ್ಯವಾಗಿ ಹೊರಗೆ ತೆಗೆಯಬಹುದು; ಕ್ಯಾಮೆರಾಕ್ಕೆ ಮಾತ್ರ ಹೊದಿಕೆ ಬೇಕು. ಕೊಳ್ಳುವಾಗ ಮೌಂಟ್ (ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಜೋಡಣೆ) ನೋಡಿಕೊಳ್ಳಿ: ಕ್ಯಾನನ್‌ಗೂ ನಿಕಾನ್‌ಗೂ ಬೇರೆ ಬೇರೆ ಮಾದರಿಗಳಿವೆ.