ಏಡಿ ನೀಹಾರಿಕೆಗೆ ನೈಮಾ ಸಾಕಾ, ಗಮೇರಾ ಬೇಕಾ?

ಜುಲೈನಲ್ಲಿ ಮಡಿಕೇರಿಯಲ್ಲಿ ಕೂತು ಆಕಾಶ ನೋಡ್ತೀನಿ ಅಂದರೆ ಜನ ನಗುತ್ತಾರೆ. ಮಂಜು, ಮಳೆ ಬಿಟ್ಟರೆ ಬೇರೇನೂ ಕಾಣೋದಿಲ್ಲ. ಅದಕ್ಕೇ ಏಡಿ ನೀಹಾರಿಕೆಯನ್ನು ಲ್ಯಾಪ್‌ಟಾಪ್‌ನಲ್ಲೇ ಬೆಳಗಿಸಲು ಹೊರಟೆ. 1054ರಲ್ಲಿ ಚೀನಾದವರು ಕಂಡ ಸೂಪರ್‌ನೋವಾದ, ಅಂದರೆ ನಕ್ಷತ್ರ ಸ್ಫೋಟದ, ಉಳಿಕೆ ಅದು. ಅದರ ಬೆಳಕನ್ನು ಲೆಕ್ಕ ಹಾಕೋಕೆ ನೈಮಾ, ಗಮೇರಾ ಅನ್ನೋ ಎರಡು ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದೆ.

ನೈಮಾ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯದು. ಇನ್‌ಸ್ಟಾಲ್ ಮಾಡೋಕೆ ಒಂದು ಪಿಪ್ ಕಮಾಂಡ್ ಕೊಟ್ಟರೆ ಮುಗೀತು. ನೀಹಾರಿಕೆಯಲ್ಲಿ ಯಾವ ಶಕ್ತಿಯ ಎಲೆಕ್ಟ್ರಾನ್ ಎಷ್ಟಿವೆ ಅಂತ ನಾವೇ ಹೇಳಬೇಕು. ಅವು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಚೆಲ್ಲುವ ಸಿಂಕ್ರೋಟ್ರಾನ್ ಬೆಳಕು, ಅದೇ ಬೆಳಕಿಗೆ ಗುದ್ದಿ ಎಬ್ಬಿಸುವ ಗಾಮಾ ಕಿರಣ, ಎರಡನ್ನೂ ಅದು ಲೆಕ್ಕ ಹಾಕುತ್ತದೆ. 125 ಮೈಕ್ರೋಗಾಸ್ (ಕಾಂತಕ್ಷೇತ್ರ ಅಳೆಯುವ ಮಾನ) ಕಾಂತಕ್ಷೇತ್ರ ಕೊಟ್ಟೆ. ಗ್ರಾಫ್‌ನಲ್ಲಿ ಎರಡು ಗುಡ್ಡ ಎದ್ದವು, ಥೇಟ್ ನಮ್ಮೂರಿನ ಹಾಗೆ.

ಗಮೇರಾ ಸಿ ಪ್ಲಸ್ ಪ್ಲಸ್‌ನದು. ಅದಕ್ಕೆ ಬೇಕಾದ ಲೈಬ್ರರಿ, ಅಂದರೆ ಸಿದ್ಧ ಕೋಡ್‌ಗಳ ಕಟ್ಟು, ಹುಡುಕಿ, ಕಂಪೈಲ್ ಮಾಡುವಷ್ಟರಲ್ಲಿ ಎರಡು ದಿನ ಹೋಯಿತು. ನಡುವೆ ಕರೆಂಟೂ ಹೋಯಿತು, ಅದು ಬಿಡಿ.

ಆದರೆ ಅಸಲಿ ವ್ಯತ್ಯಾಸ ಬೇರೆ ಇದೆ. ಕಾಫಿ ಹಣ್ಣು ಒಣಗಿಸುವ ಕಣ ನೆನಪಿಸಿಕೊಳ್ಳಿ. ಹಣ್ಣಿನ ಜಾಗದಲ್ಲಿ ಎಲೆಕ್ಟ್ರಾನ್ ಇಟ್ಟುಕೊಳ್ಳಿ, ಒಣಗೋದು ಅಂದರೆ ಶಕ್ತಿ ಕಳೆದುಕೊಳ್ಳೋದು. ಇವತ್ತು ಕಣದಲ್ಲಿ ಹಸಿ ಹಣ್ಣೆಷ್ಟು, ಒಣಗಿದ್ದೆಷ್ಟು ಅಂತ ಹೇಳಿದರೆ ನೈಮಾಗೆ ಸಾಕು. ದಿನಕ್ಕೆ ಎಷ್ಟು ಚೀಲ ಬಂದು ಬೀಳುತ್ತೆ, ಎಷ್ಟು ಬೇಗ ಒಣಗುತ್ತೆ, ಕೆಲಸ ಶುರುವಾಗಿ ಎಷ್ಟು ದಿನವಾಯಿತು ಅಂತ ಕೇಳೋದು ಗಮೇರಾ. ಕಣ ಹೇಗಿರುತ್ತೆ ಅನ್ನೋದನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

125 ಮೈಕ್ರೋಗಾಸ್‌ನಲ್ಲಿ 100 ಟೆರಾ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಇರುವ ಎಲೆಕ್ಟ್ರಾನ್ ಸುಮಾರು 8 ವರ್ಷಕ್ಕೇ ಶಕ್ತಿ ಕಳೆದುಕೊಂಡು ಸುಸ್ತಾಗುತ್ತದೆ. 1 ಟೆರಾದ್ದು 800 ವರ್ಷ ತಾಳುತ್ತದೆ. ನೀಹಾರಿಕೆಗೆ ಈಗ 970 ಚಿಲ್ಲರೆ ವರ್ಷ. ಅಂದರೆ 1 ಟೆರಾದ ಆಸುಪಾಸಿನಲ್ಲಿ ಯಾವ ಶಕ್ತಿಯ ಎಲೆಕ್ಟ್ರಾನ್ ಎಷ್ಟಿವೆ ಅಂತ ತೋರಿಸುವ ಗ್ರಾಫ್‌ನ ಗೆರೆ ಮುರಿದು ಕೆಳಗೆ ಬಾಗಲೇಬೇಕು, ಅಲ್ವಾ? ನೈಮಾದಲ್ಲಿ ಆ ಮುರಿತವನ್ನು ಸುಮ್ನೆ ಕೈಯಾರೆ ಬರೆದಿದ್ದೆ. ಗಮೇರಾದಲ್ಲಿ ಅದು ತಾನಾಗೇ ಬಂತು. ನನಗೆ ರೋಮಾಂಚನವಾಗಿದ್ದು ಅಲ್ಲೇ.

ಕಾಂತಕ್ಷೇತ್ರವನ್ನು ಅರ್ಧ ಮಾಡಿ ಮತ್ತೆ ಓಡಿಸಿದೆ. ಮುರಿತ ನಾಲ್ಕು ಪಟ್ಟು ಮೇಲಿನ ಶಕ್ತಿಗೆ ಜಿಗಿಯಿತು. ಎಲೆಕ್ಟ್ರಾನ್‌ನ ಶಕ್ತಿ ನಷ್ಟ ಕಾಂತಕ್ಷೇತ್ರದ ವರ್ಗಕ್ಕೆ ತಕ್ಕಂತೆ ಇರೋದರಿಂದ ಹಾಗಾಗಬೇಕಾದ್ದೇ.

ಹಾಗಂತ ನೈಮಾ ಬಿಟ್ಟಿಲ್ಲ. ದೂರದರ್ಶಕಗಳ ಅಳತೆಗೆ ಗೆರೆ ಹೊಂದಿಸುವ ಸೌಲಭ್ಯ ಅದರಲ್ಲೇ ಇದೆ, ದೋಷದ ಮಿತಿಯನ್ನೂ ಹೇಳುತ್ತದೆ. ಆದರೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ರಾತ್ರಿಯಿಡೀ ಓಡುತ್ತದೆ. ಒಮ್ಮೆ ಬೆಳಗಿನ ಜಾವ ಬ್ಯಾಟರಿ ಸತ್ತು ಅಷ್ಟೂ ಹೋಯಿತು. ಈಗ ಯುಪಿಎಸ್ ತಂದಿದ್ದೇನೆ.