ಕೇಪಿನ ಕೋವಿಯ ಪ್ಯಾಚ್ ಬಟ್ಟೆಗೆ ವಾಹನದ ಗ್ರೀಸ್ ಹಚ್ಚಿ ನಾನು ಪಟ್ಟ ಪಾಡು

ಮೂಡಿಗೆರೆ ಸೀಮೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಕೇಪಿನ ಕೋವಿ ಇಟ್ಟುಕೊಂಡಿರುವ ತೋಟದ ಮನೆಗಳು ಈಗಲೂ ಇವೆ. ನಮ್ಮದೂ ಅಂಥದೊಂದು ಮನೆ. ನಳಿಗೆಯ ಬಾಯಿಂದ ಮದ್ದು ಸುರಿದು, ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ (ಇದೇ ಪ್ಯಾಚ್) ಸೀಸದ ಗುಂಡನ್ನು ಸುತ್ತಿ, ಗಜ ಎಂಬ ಉದ್ದನೆಯ ಕಡ್ಡಿಯಿಂದ ತಳದವರೆಗೆ ಜಡಿದು, ಕೇಪು ಎಂಬ ಪುಟ್ಟ ಸಿಡಿಯುವ ಟೋಪಿಯಿಂದ ಮದ್ದನ್ನು ಹೊತ್ತಿಸುವ ಈ ಕೋವಿಯಲ್ಲಿ ಆ ಬಟ್ಟೆಗೆ ಏನನ್ನು ಹಚ್ಚಬೇಕು ಎಂಬ ಸಣ್ಣ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮತ್ತೊಬ್ಬರು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಲಗೈಯ ಅಂಗೈಯಲ್ಲಿ ಐದು ಹೊಲಿಗೆಯ ಗುರುತು ಇನ್ನೂ ಇದೆ.

ನಮ್ಮ ತಂದೆಯವರು ಜೇನುಮೇಣ ಮತ್ತು ಹರಳೆಣ್ಣೆಯನ್ನು ಕಾಯಿಸಿ ಬೆರೆಸಿದ ಮುಲಾಮನ್ನು ಹಳೆಯ ಪೌಡರ್ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಕೆಲವು ವರ್ಷ ಅದೇ ಡಬ್ಬಿ ಸಾಕಾಯಿತು. ಖಾಲಿಯಾದಾಗ ಮತ್ತೆ ಮಾಡಿಕೊಳ್ಳುವ ವ್ಯವಧಾನ ನನಗಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ ಎಂಬುದು ನಮ್ಮ ಕಡೆಯ ಡಿಸೆಂಬರ್ ಬೆಳಗನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ, ಸೀಸೆಯನ್ನು ಒಲೆಯ ಪಕ್ಕದಲ್ಲಿಟ್ಟೇ ತಲೆಗೆ ಹಚ್ಚಿಕೊಳ್ಳುವವರು ನಾವು. ಅದೇ ಎಣ್ಣೆ ಮಾರ್ಚಿನ ಬಿಸಿಲಿಗೆ ನೀರಾಗಿ ಬಟ್ಟೆಯಿಂದ ಇಳಿದು ಕೆಳಗಿನ ಮದ್ದನ್ನೇ ನೆನೆಸುತ್ತದೆ. ಹಾಗೆ ಒಮ್ಮೆ ಕೇಪು ಸಿಡಿದರೂ ಮದ್ದು ಹೊತ್ತದೆ, ಒಂದೆರಡು ಕ್ಷಣ ತಡವಾಗಿ ಈಡು ಹಾರಿದ್ದುಂಟು. ಕೇಪು ಸಿಡಿದ ಮೇಲೆ ಈಡು ಹಾರದಿದ್ದರೆ ಕನಿಷ್ಠ ಒಂದು ನಿಮಿಷವಾದರೂ ನಳಿಗೆಯನ್ನು ಅತ್ತಲೇ ಹಿಡಿದು ಕಾಯಬೇಕೆಂದು ತಂದೆಯವರು ಕಲಿಸಿದ್ದು ಆ ದಿನ ನನ್ನನ್ನು ಕಾಪಾಡಿತು.

ಇದಕ್ಕಿಂತ ಒಳ್ಳೆಯದೇನಾದರೂ ಸಿಗಬಹುದೆಂದು 2024ರ ಜನವರಿಯಲ್ಲಿ ವಾಹನದ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಎಷ್ಟು ಬಿಸಿಯಾದರೂ ಕರಗದ ಗ್ರೀಸ್ ಇದೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆಯೆಲ್ಲ ಇದೇ ಸರಿ ಎಂದು ಅಂಗಡಿಯವರು ಕೊಟ್ಟರು. ಅವರನ್ನು ದೂರುವಂತಿಲ್ಲ; ಬೇರಿಂಗಿಗೆ ಅದು ಸರಿಯಾದ ವಸ್ತುವೇ. ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಗದ್ದೆಯಂಚಿನ ಮಣ್ಣಿನ ದರೆಗೆ ಗುರಿಯಿಟ್ಟು ಹೊಡೆದ ಮೊದಲ ಎರಡು ಈಡುಗಳು ಸೊಗಸಾಗಿದ್ದವು. ಗುಂಡು ಬೆಣ್ಣೆಯ ಮೇಲೆ ಜಾರಿದಂತೆ ಕೆಳಗಿಳಿಯಿತು, ನಾನು ಹಿಗ್ಗಿದೆ. ಮೂರನೆಯದಕ್ಕೆ ಗಜವನ್ನು ಸ್ವಲ್ಪ ಒತ್ತಬೇಕಾಯಿತು. ನಾಲ್ಕನೆಯ ಗುಂಡು ನಳಿಗೆಯ ನಡುವೆ ನಿಂತೇಬಿಟ್ಟಿತು. ಜೊತೆಗಿದ್ದ ಭಾವ, "ಕೇಪು ಹಾಕಿ ಹಾರಿಸಿಬಿಡಿ ಭಾವ, ತಾನೇ ಹೋಗುತ್ತದೆ" ಎಂದರು. ಈ ಬರಹದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಗುಂಡು ಮದ್ದಿಗೆ ತಾಗಿ ಕೂರದೆ ನಡುವೆ ನಿಂತಿರುವಾಗ ಹಾರಿಸಿದರೆ ನಳಿಗೆ ಆ ಜಾಗದಲ್ಲಿ ಉಬ್ಬಬಹುದು, ಒಡೆಯಲೂಬಹುದು. ಅಷ್ಟು ತಿಳಿವಳಿಕೆ ನನಗಿತ್ತು, ಹಾರಿಸಲಿಲ್ಲ. ಆದರೆ ಇನ್ನೊಂದು ತಿಳಿವಳಿಕೆ ಇರಲಿಲ್ಲ. ಮರದ ಗಜದ ತುದಿಯ ಮೇಲೆ ಅಂಗೈಯಿಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಗಜ ಓರೆಯಾಗಿ ಸೀಳಿ ಮುರಿದು, ಸಿಬಿರು ಅಂಗೈಯೊಳಗೆ ಹೊಕ್ಕಿತು. ಗಜವನ್ನು ನಳಿಗೆಯ ಬಾಯಿಗೆ ಒಂದು ಗೇಣು ಮೇಲೆ ಹಿಡಿದು, ತುಸುತುಸುವೇ ನೂಕುತ್ತ ಇಳಿಸಬೇಕು. ಅಂಗೈಯಾಗಲಿ ಮುಖವಾಗಲಿ ನಳಿಗೆಯ ನೇರಕ್ಕೆ ಬರಕೂಡದು. ಕೇಪು ಹಾಕಿರಲಿಲ್ಲವಾದ್ದರಿಂದ ಅನಾಹುತ ಅಷ್ಟಕ್ಕೇ ನಿಂತಿತು. ಭಾವನವರು ಕೇಪು ಕೂರುವ ಮೊಳೆಯನ್ನು ಬಿಚ್ಚಿ, ಆ ತೂತಿನಿಂದ ನೀರು ಹುಯ್ದು ಮದ್ದನ್ನು ಪೂರಾ ನೆನೆಸಿಟ್ಟರು. ಮರುದಿನ ಪರವಾನಗಿಯುಳ್ಳ ರಿಪೇರಿಯವರು ತಿರುಪಿನ ಕಡ್ಡಿಯಿಂದ ಗುಂಡನ್ನು ಎಳೆದು ತೆಗೆದರು.

ಗುಂಡಿನ ಜೊತೆ ಹೊರಬಂದದ್ದು ರಸ್ತೆಗೆ ಹಾಕುವ ಟಾರಿನಂಥ ಕರಿ ಅಂಟು. ಕಾರಣ ಆಮೇಲೆ ಅರ್ಥವಾಯಿತು. ಕರಿ ಮದ್ದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕದ ಮಿಶ್ರಣ. ಅದು ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. ತೂಕದ ಅರ್ಧಕ್ಕೂ ಹೆಚ್ಚು ಪಾಲು ಪೊಟ್ಯಾಸಿಯಂನ ಕಾರ್ಬೊನೇಟ್, ಸಲ್ಫೇಟ್ ಮೊದಲಾದ ಲವಣಗಳಾಗಿ ಉಳಿದು, ಅದರಲ್ಲಿ ಒಂದಿಷ್ಟು ಹೊಗೆಯ ಜೊತೆ ಹೋಗಿ ಮಿಕ್ಕಿದ್ದು ನಳಿಗೆಯ ಗೋಡೆಗೆ ಕಿಟ್ಟವಾಗಿ ಕೂರುತ್ತದೆ. ಮೇಣ, ಹರಳೆಣ್ಣೆ, ಪ್ರಾಣಿಯ ನೆಣ ಇವು ಆ ಕಿಟ್ಟವನ್ನು ಮೆತ್ತಗೆ ಇಡುವುದರಿಂದ ಮುಂದಿನ ಬಟ್ಟೆ ಅದನ್ನು ಒರೆಸಿಕೊಂಡೇ ಇಳಿಯುತ್ತದೆ. ಪೆಟ್ರೋಲಿಯಂ ಮೂಲದ ಗ್ರೀಸ್ ಮತ್ತು ಇಂಜಿನ್ ಆಯಿಲ್ ಅದೇ ಕಿಟ್ಟದೊಂದಿಗೆ ಬೆಂದು ಗಟ್ಟಿ ಅಂಟಾಗುತ್ತವೆ. ನಮ್ಮದು ಒಳಗೆ ನುಣುಪಾದ ನಳಿಗೆ. ಗುಂಡನ್ನು ತಿರುಗಿಸಲೆಂದು ಒಳಗೆ ಸುರುಳಿಗೆರೆ ಕೊರೆದಿರುವ ರೈಫಲ್ ಆಗಿದ್ದರೆ ಗೆರೆಗಳೆಲ್ಲ ಈ ಅಂಟಿನಿಂದ ತುಂಬಿ ಗುರಿಯೂ ಕೆಡುತ್ತಿತ್ತು.

ಇದು ಇಲ್ಲಿಗೇ ಮುಗಿಯಲಿಲ್ಲ. ಕೈ ನೋವಿನಲ್ಲಿ ನಾನು ನಳಿಗೆಯನ್ನು ಸೀಮೆಎಣ್ಣೆಯಿಂದ ಒರೆಸಿ, ತುಕ್ಕು ಹಿಡಿಯದಿರಲೆಂದು ಮತ್ತದೇ ಗ್ರೀಸ್ ಬಳಿದು ಇಟ್ಟೆ. ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. ಊರಿನ ಕೋವಿಗಳೆಲ್ಲ ಠಾಣೆ ಸೇರಿದಂತೆ ನಮ್ಮದೂ ಸೇರಿತು. ಜೂನಿನಲ್ಲಿ, ಮಳೆ ಹಿಡಿದ ಮೇಲೆ ವಾಪಸು ಬಂದಾಗ ನಳಿಗೆಯೊಳಗೆ ಸಿಡುಬಿನ ಕಲೆಯಂತೆ ತುಕ್ಕಿನ ಗುಳಿಗಳು. ಮದ್ದಿನ ಕಿಟ್ಟ ಲವಣವಾದ್ದರಿಂದ ನೀರಿಗೆ ಕರಗುತ್ತದೆ, ಸೀಮೆಎಣ್ಣೆಗೆ ಕರಗುವುದಿಲ್ಲ. ಗಾಳಿಯ ತೇವವನ್ನು ಎಳೆದುಕೊಳ್ಳುವ ಆ ಲವಣವನ್ನು ಒಳಗೇ ಬಿಟ್ಟು ನಾನು ಮೇಲೆ ಮುಚ್ಚಳ ಹಾಕಿದ್ದೆ. ಬಿಸಿನೀರು, ಸ್ವಲ್ಪ ಸೋಪು, ಬಿಳಿಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ತೊಳೆತ, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎಣ್ಣೆ. ಹೊಡೆದ ದಿನವೇ ಇಷ್ಟು ಆಗಬೇಕು.

ಉಪ್ಪಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಅಡುಗೆಮನೆಯಲ್ಲಿ ಉಪ್ಪು ಹಾಕಿ ಬೇಯಿಸಿದ ಮಾಂಸದ ನೆಣವನ್ನು ಬಟ್ಟೆಗೆ ಸವರುವವರಿದ್ದಾರೆ. ಅದರಲ್ಲಿರುವ ಉಪ್ಪೂ ಕಬ್ಬಿಣವನ್ನು ತಿನ್ನುತ್ತದೆ, ಉಪ್ಪು ಸೋಕದ ನೆಣವಾದರೆ ತೊಂದರೆಯಿಲ್ಲ. (ಬಟ್ಟೆಗೋ ತೋಟಾಕ್ಕೋ ಹಚ್ಚುವ ಕೊಬ್ಬು ಎಷ್ಟು ದೊಡ್ಡ ವಿಷಯವಾಗಬಲ್ಲುದು ಎಂಬುದಕ್ಕೆ 1857 ಇದೆ, ಸಿಪಾಯಿಗಳ ಆ ಎನ್‌ಫೀಲ್ಡ್ ಕೂಡ ನಳಿಗೆಯ ಬಾಯಿಂದ ತುಂಬುವ ರೈಫಲ್ಲೇ.) ಅಗಸೆ ಎಣ್ಣೆ ಒಣಗಿ ಅಂಟಾಗುವ ಜಾತಿಯದು, ಅದೂ ಬೇಡ. ಎಂಜಲು ಹಚ್ಚಿದ ಬಟ್ಟೆ ತಕ್ಷಣ ಹೊಡೆಯುವುದಾದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ತುಂಬಿಟ್ಟರೆ ಒಣಗುತ್ತದೆ, ನಳಿಗೆಗೆ ತೇವವನ್ನೂ ತಗುಲಿಸುತ್ತದೆ.

ಈಗ ಮತ್ತೆ ತಂದೆಯವರ ಮುಲಾಮಿಗೇ ಮರಳಿದ್ದೇನೆ. ಒಂದು ಪಾಲು ಜೇನುಮೇಣಕ್ಕೆ ಮೂರು ಪಾಲು ಹರಳೆಣ್ಣೆ, ಚಳಿಗಾಲದಲ್ಲಿ ಎಣ್ಣೆ ತುಸು ಹೆಚ್ಚು. ಮೇಣ 62 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ಪಾತ್ರೆಯನ್ನು ಕುದಿಯುವ ನೀರಿನಲ್ಲಿ ಇಟ್ಟರೆ ಸಾಕು, ನೇರ ಉರಿಯ ಮೇಲಿಟ್ಟರೆ ಹೊತ್ತಿಕೊಳ್ಳುವ ಅಪಾಯವಿದೆ. ಬಟ್ಟೆ ಒತ್ತಾಗಿ ನೇಯ್ದ ಹತ್ತಿಯದಾಗಿರಬೇಕು, ಗಂಜಿ ಹೋಗುವಂತೆ ಒಗೆದಿರಬೇಕು. ಪಾಲಿಯೆಸ್ಟರ್ ಬೆರೆತರೆ ಕರಗಿ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಹೊಡೆದಾದ ಮೇಲೆ ದರೆಯ ಮುಂದೆ ಬಿದ್ದ ಬಟ್ಟೆಯನ್ನು ಹುಡುಕಿ ತರುವುದು ಈಗ ನನ್ನ ಮಗನ ಕೆಲಸ. ನಡುವೆ ಸುಟ್ಟು ತೂತಾಗಿದ್ದರೆ ಮುಲಾಮು ಸಾಲದು ಅಥವಾ ಬಟ್ಟೆ ತೆಳುವಾಯಿತೆಂದು ಅರ್ಥ. ಕಳೆದ ಸಲ ಅವನು ತಂದ ಆರೂ ತುಂಡುಗಳು ಅಂಚು ಮಾತ್ರ ಕಪ್ಪಾಗಿ ಇಡಿಯಾಗಿದ್ದವು. ಗ್ರೀಸಿನ ಡಬ್ಬಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿರುವ ಪಲ್ಪರ್ ಮನೆಯಲ್ಲಿದೆ, ಅದರ ಬೇರಿಂಗಿಗೆ ಹಾಕುತ್ತಿದ್ದೇವೆ.