ಕನ್ನಡ ಟೈಪಿಂಗಿಗೂ ಗೇಮಿಗೂ ಒಂದೇ ಕೀಬೋರ್ಡು: ಕಾರವಾರದಲ್ಲಿ ಬಳಸಿ ನೋಡಿದ ಮೂರು

ಮೆಕ್ಯಾನಿಕಲ್ ಕೀಬೋರ್ಡು, ಅಂದರೆ ಪ್ರತಿ ಕೀಯ ಕೆಳಗೂ ಬೇರೆ ಬೇರೆ ಸ್ವಿಚ್ ಇರುವ ಕೀಬೋರ್ಡು, ತಗೊಳ್ಳಬೇಕೆಂದು ಹೊರಟರೆ ಸಿಗುವ ಸಲಹೆಗಳೆಲ್ಲ ಇಂಗ್ಲಿಷ್ ಟೈಪ್ ಮಾಡುವವರಿಗೋ ಬರೀ ಗೇಮ್ ಆಡುವವರಿಗೋ ಹೇಳಿದವು. ದಿನವಿಡೀ ಕನ್ನಡ ಟೈಪ್ ಮಾಡುವವರ ಬೆರಳು ಓಡುವ ದಾರಿ ಬೇರೆ. ಸಮುದ್ರದ ದಂಡೆಯಲ್ಲಿ ಕೀಬೋರ್ಡು ಹಾಳಾಗುವ ಬಗೆಯೂ ಬೇರೆ. ಕಾರವಾರದಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಹಗಲು ಅರ್ಜಿ, ಅಫಿಡವಿಟ್, ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್; ರಾತ್ರಿ ಊಟವಾದ ಮೇಲೆ ವ್ಯಾಲರಂಟ್ ಎಂಬ ಗುಂಡು ಹಾರಿಸುವ ಗೇಮ್. ಎರಡಕ್ಕೂ ಒಂದೇ ಕೀಬೋರ್ಡು ಆಗಬೇಕು, ಖರ್ಚು ಐದು ಸಾವಿರದೊಳಗೆ ಮುಗಿಯಬೇಕು ಎಂದುಕೊಂಡು ಮೂರನ್ನು ಅಂಗಡಿಯಲ್ಲೂ ಮನೆಯಲ್ಲೂ ಬಳಸಿ ನೋಡಿದ್ದೇನೆ.

ಯಾವುದು ಉಳಿಯಿತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ: 87 ಕೀ, ಬ್ರೌನ್ ಸ್ವಿಚ್, ಸ್ವಿಚ್ ಕಿತ್ತು ಬೇರೆಯದನ್ನು ಹಾಕಲು ಬರುವ (ಹಾಟ್-ಸ್ವಾಪ್) ಬೋರ್ಡು, ವೈರು. ಬಣ್ಣಬಣ್ಣದ ಲೈಟು, ಬ್ರಾಂಡಿನ ಹೆಸರು ಎಲ್ಲ ಆಮೇಲಿನ ಮಾತು.

ಕೈಬಿಟ್ಟ ಎರಡರಲ್ಲಿ ಒಂದು ರೆಡ್‌ಡ್ರ್ಯಾಗನ್ ಕೆ552, ನೀಲಿ ಸ್ವಿಚ್ಚಿನದು. ಅದಕ್ಕೂ 87 ಕೀ, ಅಂದರೆ ಬಲಗಡೆಯ ನಂಬರ್ ಪ್ಯಾಡ್ ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಇನ್ನೊಂದು ರಾಯಲ್ ಕ್ಲಜ್‌ನ ಆರ್‌ಕೆ61, ಕೆಂಪು ಸ್ವಿಚ್ಚಿನದು. 61 ಕೀ, ವೈರ್‌ಲೆಸ್, ಬ್ಯಾಗಿನ ಮೂಲೆಯಲ್ಲಿ ಕೂರುವಷ್ಟು ಚಿಕ್ಕದು. ಮೂರನೆಯದು, ಅಂದರೆ ಉಳಿದದ್ದು, ಕಡಿಮೆ ಬೆಲೆಯ ಒಂದು ಹಾಟ್-ಸ್ವಾಪ್ ಬೋರ್ಡು. ಬೆಲೆ ಆಗಾಗ ಏರಿಳಿಯುತ್ತದೆ. ಆಫರ್ ನೋಡಿಕೊಂಡು ತಗೊಂಡರೆ ಮೂರೂ ಎರಡೂವರೆಯಿಂದ ನಾಲ್ಕೂವರೆ ಸಾವಿರದ ಆಸುಪಾಸಿಗೆ ಬರುತ್ತವೆ.

ಕೀಗಳ ಸಂಖ್ಯೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಕೆಲಸದವರಿಗೆ ಅಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಬರುವುದು ಸ್ಕ್ರಾಲ್ ಲಾಕ್ ಕೀಯಿಂದ. ಬೇರೆಯವರು ವರ್ಷಗಟ್ಟಲೆ ಮುಟ್ಟದ ಆ ಕೀಯನ್ನು ನಾವು ಒಂದು ಅರ್ಜಿಯಲ್ಲೇ ಎಷ್ಟೋ ಸಲ ಒತ್ತುತ್ತೇವೆ. ಸರ್ವೆ ನಂಬರಿನ ಪಕ್ಕ ಇಂಗ್ಲಿಷ್ ಅಕ್ಷರ, ಇಮೇಲ್ ವಿಳಾಸ, ವಾಹನದ ನಂಬರು, ಹೀಗೆ ಭಾಷೆ ಬದಲಾಗುತ್ತಲೇ ಇರುತ್ತದೆ. 87 ಕೀಯ ಬೋರ್ಡಿನಲ್ಲಿ ಸ್ಕ್ರಾಲ್ ಲಾಕ್ ಮೇಲಿನ ಸಾಲಿನಲ್ಲೇ ಇದೆ, ಕಣ್ಣು ಹಾಳೆಯ ಮೇಲಿದ್ದರೂ ಕೈ ತಾನಾಗಿ ಹೋಗುತ್ತದೆ. 61 ಕೀಯ ಬೋರ್ಡಿನಲ್ಲಿ ಅದಕ್ಕೆಂದೇ ಒಂದು ಕೀ ಇಲ್ಲ. ಎಫ್1, ಎಫ್2 ಸಾಲು ಇಲ್ಲ, ಬಾಣದ ಕೀಗಳೂ ಬೇರೆಯಾಗಿಲ್ಲ. ಎಲ್ಲದಕ್ಕೂ ಎಫ್ಎನ್ (Fn) ಕೀ ಹಿಡಿದುಕೊಂಡು ಇನ್ನೊಂದನ್ನು ಒತ್ತಬೇಕು. ಸಾಲಿನ ನಡುವೆ ಒಂದು ಒತ್ತಕ್ಷರ ತಿದ್ದಲು ಹಿಂದೆ ಹೋಗುವಾಗ ಇದು ಎಷ್ಟು ತಡೆಯುತ್ತದೆ ಎನ್ನುವುದು ಗಿರಾಕಿ ಎದುರಿಗೆ ನಿಂತಿರುವಾಗ ಗೊತ್ತಾಗುತ್ತದೆ. ನುಡಿ ಬಿಟ್ಟು ವಿಂಡೋಸಿನದೇ ಕನ್ನಡ ಕೀಲಿಮಣೆ ಬಳಸುವವರಿಗೆ ಈ ತೊಂದರೆ ಅಷ್ಟಿಲ್ಲ, ಅಲ್ಲಿ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಇವೆರಡರ ನಡುವೆ 68 ಕೀಯ ಬೋರ್ಡುಗಳೂ ಬರುತ್ತವೆ. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಇದೆ, ಅದರಲ್ಲೂ ಟೈಪ್ ಮಾಡಿ ನೋಡಿದ್ದೇನೆ. ಬಾಣದ ಕೀಗಳಿಗೆ ಜಾಗ ಮಾಡಲು ಅವುಗಳಲ್ಲಿ ಬಲಗಡೆಯ ಶಿಫ್ಟನ್ನು ಮೊಟಕು ಮಾಡಿರುತ್ತಾರೆ. ಇಂಗ್ಲಿಷಿನವರಿಗೆ ಅದು ದೊಡ್ಡ ವಿಷಯವಲ್ಲ, ನಮಗೆ ದೊಡ್ಡದು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವೆಲ್ಲ ಬಳಸುವ ವಿನ್ಯಾಸದಲ್ಲಿ ದೀರ್ಘ, ಮಹಾಪ್ರಾಣ, ಣ, ಳ ಎಲ್ಲದಕ್ಕೂ ಶಿಫ್ಟ್ ಬೇಕು. ಒತ್ತಕ್ಷರಕ್ಕೆ ಎಫ್ ಬೇಕು. 'ಪ್ರಮಾಣಪತ್ರ' ಎನ್ನುವ, ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಬರುವ ಮಾತನ್ನೇ ನೋಡಿ: ಪಿ, ಎಫ್, ಆರ್, ಎಂ, ಶಿಫ್ಟ್ ಹಿಡಿದು ಎ, ಶಿಫ್ಟ್ ಹಿಡಿದು ಎನ್, ಪಿ, ಟಿ, ಎಫ್, ಆರ್. ಹತ್ತು ಅಕ್ಷರ ಒತ್ತುವುದರಲ್ಲಿ ಎರಡು ಸಲ ಎಫ್, ಎರಡು ಸಲ ಶಿಫ್ಟ್. ಎ ಇರುವುದು ಎಡಗೈ ಕಿರುಬೆರಳಿನ ಕೆಳಗೆ, ಆದ್ದರಿಂದ ದೀರ್ಘಕ್ಕೆ ಬಲಗಡೆಯ ಶಿಫ್ಟ್ ಹಿಡಿಯುವುದೇ ಸರಿಯಾದ ಕ್ರಮ. ಆ ಶಿಫ್ಟ್ ಮೊಟಕಾದರೆ ಬೆರಳು ಪಕ್ಕದ ಬಾಣದ ಮೇಲೆ ಬಿದ್ದು ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ. ಆರ್‌ಕೆ61ರಲ್ಲಿ ಬಲ ಶಿಫ್ಟ್ ಪೂರ್ತಿ ಉದ್ದದ್ದೇ ಇದೆ, ಆ ಒಂದು ವಿಷಯದಲ್ಲಿ ಅದು 68ಕ್ಕಿಂತ ವಾಸಿ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿ ವಿನ್ಯಾಸ ಕಲಿತವರಿಗೂ ಲೆಕ್ಕ ಹೆಚ್ಚು ಕಡಿಮೆ ಇದೇ. ಅಲ್ಲಿ ಒತ್ತಕ್ಷರ ಡಿ ಕೀಯಲ್ಲಿದೆ, ಶಿಫ್ಟಿನ ಕೆಲಸ ಅಲ್ಲೂ ತಪ್ಪುವುದಿಲ್ಲ.

ಇನ್ನು ಸ್ವಿಚ್ಚು. ನೀಲಿ, ಕಂದು, ಕೆಂಪು ಎನ್ನುವ ಬಣ್ಣದ ಲೆಕ್ಕ ಚೆರ್ರಿ ಎಂಬ ಜರ್ಮನ್ ಕಂಪನಿಯಿಂದ ಬಂದದ್ದು. ಈಗ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಬರುವ ಔಟೆಮು, ಗೇಟರಾನ್, ಕೈಲ್ ಎಲ್ಲವೂ ಅದೇ ಅಚ್ಚಿನ ಚೀನಾ ಸ್ವಿಚ್ಚುಗಳು. ಚೆರ್ರಿಯ ಲೆಕ್ಕ ಹಿಡಿದರೆ ಕೆಂಪಿಗೆ ಸುಮಾರು 45 ಗ್ರಾಂ ಬಲ ಸಾಕು, ಕಂದಿಗೆ 55, ನೀಲಿಗೆ 60ರ ಹತ್ತಿರ. ಕೀ ಕೆಳಗಿಳಿಯುವ ಒಟ್ಟು ದೂರ 4 ಮಿಲಿಮೀಟರ್, ಅಕ್ಷರ ಬೀಳುವುದು ಮಾತ್ರ ಸುಮಾರು 2 ಮಿಲಿಮೀಟರಿಗೇ. ಸಾಮಾನ್ಯ ರಬ್ಬರ್ ಕೀಬೋರ್ಡಿನಲ್ಲಿ ತಳ ಮುಟ್ಟುವವರೆಗೆ ಒತ್ತಬೇಕು, ಇಲ್ಲಿ ಅರ್ಧದಲ್ಲೇ ಕೆಲಸ ಮುಗಿಯುತ್ತದೆ. ದಿನದ ಕೊನೆಗೆ ಬೆರಳಿನ ಗೆಣ್ಣು ನೋಯುವುದು ಬಿಡುವುದು ನಿಂತಿರುವುದು ಈ ವ್ಯತ್ಯಾಸದ ಮೇಲೆ.

ನೀಲಿ ಸ್ವಿಚ್ಚಿನ ಮೇಲೆ ಟೈಪ್ ಮಾಡುವುದು ಮೊದಲಿಗೆ ಬಹಳ ಖುಷಿ. ಅಕ್ಷರ ಬಿದ್ದಲ್ಲೇ ಬೆರಳಿಗೆ ಒಂದು ತಡೆ ಸಿಗುತ್ತದೆ, ಜೊತೆಗೆ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದ ಹಾಗೆ ಚಟ್ ಎನ್ನುತ್ತದೆ. ಹಳೆಯ ಟೈಪ್‌ರೈಟರಿನಲ್ಲಿ ಕಲಿತ ಹಿರಿಯರೊಬ್ಬರು ನಮ್ಮ ಅಂಗಡಿಗೆ ಬರುತ್ತಾರೆ, ಅವರು ಕೂತರೆ ಕೆ552 ಬಿಟ್ಟು ಏಳುವುದೇ ಇಲ್ಲ. ಕಣ್ಣು ಹಾಯಿಸದೆ, ತಪ್ಪಿಲ್ಲದೆ ಪುಟ ಮುಗಿಸುತ್ತಾರೆ. ಅಂಥವರಿಗೆ ನೀಲಿಯೇ ಸರಿ. ನನಗೆ ಅಡ್ಡ ಬಂದದ್ದು ಎರಡು ಕಾರಣ. ಒಂದು ಸದ್ದು: ಗಿರಾಕಿ ಹೇಳಿಕೆ ಬರೆಸುವಾಗ ಅವರ ಮಾತು ಕೇಳಿಸಬೇಕು, ರಾತ್ರಿ ಮನೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಇನ್ನೊಂದು ಶಿಫ್ಟ್. ಅಷ್ಟು ಸಲ ಶಿಫ್ಟ್ ಹಿಡಿಯುವ ಕೆಲಸದಲ್ಲಿ ಬಿಗಿಯಾದ ಸ್ವಿಚ್ಚಿನ ಭಾರವೆಲ್ಲ ಕಿರುಬೆರಳಿಗೆ ಬೀಳುತ್ತದೆ. ಒಂದು ಉದ್ದ ಕ್ರಯಪತ್ರ ಮುಗಿಸುವ ಹೊತ್ತಿಗೆ ನನ್ನ ಎಡಗೈಯ ಹೊರ ಅಂಚು ಹಿಡಿದುಕೊಳ್ಳುತ್ತಿತ್ತು.

ಕೆಂಪಿನದು ಇದಕ್ಕೆ ತದ್ವಿರುದ್ಧ. ತಡೆಯೂ ಇಲ್ಲ, ಸದ್ದೂ ಇಲ್ಲ, ಬೆಣ್ಣೆ ಜಾರಿದಷ್ಟು ನಯ. ಕಿರುಬೆರಳಿಗೆ ಆರಾಮ, ಆದರೆ ಬೇರೆ ಬೆರಳು ಒಂದು ಕೀಯ ಮೇಲೆ ಸುಮ್ಮನೆ ವಿಶ್ರಮಿಸಿದರೂ ಅಕ್ಷರ ಬಿದ್ದಿರುತ್ತದೆ. ಕನ್ನಡದಲ್ಲಿ ಹಾಗೆ ಹೆಚ್ಚಾಗಿ ಬಿದ್ದ ಒಂದು ಎಫ್ ಇಡೀ ಮಾತಿನ ರೂಪವನ್ನೇ ಕೆಡಿಸುತ್ತದೆ. ಕಂದು ಇವೆರಡರ ನಡುವಿನದು. ಅಕ್ಷರ ಬಿದ್ದದ್ದು ಬೆರಳಿಗೆ ಗೊತ್ತಾಗುತ್ತದೆ, ಪಕ್ಕದವರಿಗೆ ಗೊತ್ತಾಗುವುದಿಲ್ಲ. ಬ್ರೌನ್ ಅಂದರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಅವರು ದಿನಕ್ಕೆ ಎಂಟು ಗಂಟೆ ಕನ್ನಡ ಟೈಪ್ ಮಾಡಿ ಆಮೇಲೆ ಹೇಳಲಿ.

ಗೇಮಿನಲ್ಲಿ ಕೆಂಪೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ವ್ಯಾಲರಂಟಿನಲ್ಲಿ ಓಡುತ್ತಿರುವವ ಫಕ್ಕನೆ ನಿಂತು ಗುಂಡು ಹಾರಿಸಬೇಕು. ಎ ಬಿಟ್ಟು ಡಿ ತಟ್ಟುವುದು, ಡಿ ಬಿಟ್ಟು ಎ ತಟ್ಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ನೀಲಿಯಲ್ಲಿ ಇದು ಸೋಲುತ್ತದೆ, ಅದಕ್ಕೆ ಕಾರಣ ಸ್ವಿಚ್ಚಿನ ಒಳಗೇ ಇದೆ. ಅಕ್ಷರ ಬೀಳುವ ಜಾಗಕ್ಕಿಂತ ಮೇಲೆ ಬಂದ ಮೇಲೆಯೇ ಅದು ಮತ್ತೊಂದು ಒತ್ತಿಗೆ ತಯಾರಾಗುತ್ತದೆ. ಹೀಗಾಗಿ ಒಂದೇ ಕೀಯನ್ನು ಪಟಪಟ ತಟ್ಟುವಾಗ ಬೆರಳನ್ನು ಹೆಚ್ಚು ಎತ್ತಬೇಕಾಗುತ್ತದೆ. ಕಂದಿನಲ್ಲಿ ಈ ಅಂತರ ಕಾಡುವಷ್ಟಿಲ್ಲ. ನನ್ನ ಮಟ್ಟದ ಆಟಕ್ಕೆ ಕಂದು ಧಾರಾಳ ಸಾಕು. ಆರ್‌ಕೆ61 ಚಿಕ್ಕದಾದ್ದರಿಂದ ಮೌಸಿಗೆ ಜಾಗ ಚೆನ್ನಾಗಿ ಸಿಗುತ್ತದೆ, ಅದು ನಿಜವಾದ ಲಾಭ. ಬ್ಲೂಟೂತಿನಲ್ಲಿ ಮಾತ್ರ ಆಡಬೇಡಿ, ವೈರ್ ಹಾಕಿಯೇ ಆಡಿ. ಅಂದ ಹಾಗೆ, ರಬ್ಬರ್ ಕೀಬೋರ್ಡಿನಲ್ಲಿ ಮೂರು ನಾಲ್ಕು ಕೀ ಒಟ್ಟಿಗೆ ಹಿಡಿದರೆ ಒಂದು ತಪ್ಪಿಹೋಗುತ್ತದಲ್ಲ, ಆ ಕಾಟ ಈ ಮೂರರಲ್ಲೂ ಇಲ್ಲ.

ಈಗ ಸಮುದ್ರದ ಮಾತು, ಕರಾವಳಿಯವರು ತಪ್ಪದೆ ಲೆಕ್ಕಕ್ಕೆ ಹಿಡಿಯಬೇಕಾದದ್ದು. ಡಬ್ಬದ ಮೇಲೆ 5 ಕೋಟಿ ಒತ್ತು ಬಾಳುತ್ತದೆ ಎಂದು ಬರೆದಿರುತ್ತಾರೆ. ಆ ಲೆಕ್ಕದಲ್ಲಿ ಉಪ್ಪುಗಾಳಿ ಇಲ್ಲ. ಸ್ವಿಚ್ಚಿನ ಒಳಗೆ ಎರಡು ತೆಳು ಲೋಹದ ಎಲೆಗಳು ಒಂದಕ್ಕೊಂದು ತಾಗಿದಾಗ ಅಕ್ಷರ ಬೀಳುತ್ತದೆ. ಆ ಎಲೆಗೆ ಕಿಲುಬು ಹಿಡಿದರೆ ತಾಗುವಾಗ ಕಂಪಿಸಿ ಒಂದು ಒತ್ತಿಗೆ ಎರಡು ಅಕ್ಷರ ಬೀಳಲು ಶುರುವಾಗುತ್ತದೆ. ನನ್ನ ಹಾಟ್-ಸ್ವಾಪ್ ಬೋರ್ಡಿನಲ್ಲಿ ಎನ್ ಕೀ ಮಳೆಗಾಲದಲ್ಲಿ ಹೀಗೇ ಮಾಡಿತು. 'ಜನ' ಎಂದು ಒತ್ತಿದರೆ 'ಜನನ' ಎಂದು ಬೀಳುತ್ತಿತ್ತು. ಎರಡೂ ಸರಿಯಾದ ಕನ್ನಡವೇ, ತಪ್ಪು ಹುಡುಕುವ ಯಾವ ಸಾಫ್ಟ್‌ವೇರಿಗೂ ಸಿಗುವುದಿಲ್ಲ. ಅರ್ಜಿಯಲ್ಲಿ ಅದು ಹಾಗೇ ಹೋದರೆ ಗಿರಾಕಿ ಮತ್ತೆ ಕಚೇರಿ ಅಲೆಯಬೇಕು.

ಹಾಟ್-ಸ್ವಾಪ್ ಎನ್ನುವುದರ ಬೆಲೆ ಗೊತ್ತಾದದ್ದು ಆವತ್ತು. ಬೋರ್ಡಿನ ಜೊತೆ ಕೊಟ್ಟ ಇಕ್ಕಳದಿಂದ ಎನ್ ಕೀಯ ಮುಚ್ಚಳ ತೆಗೆದೆ, ಸ್ವಿಚ್ಚಿನ ಮೇಲೆ ಕೆಳಗಿನ ಕೊಂಡಿ ಒತ್ತಿ ನೆಟ್ಟಗೆ ಮೇಲೆತ್ತಿದೆ. ಎಂದೂ ಮುಟ್ಟದ ಪಾಜ್ (Pause) ಕೀಯ ಸ್ವಿಚ್ಚನ್ನು ಕಿತ್ತು ಎನ್ ಜಾಗದಲ್ಲಿ ಕೂರಿಸಿದೆ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿದು ಮತ್ತೆ ಟೈಪಿಂಗ್ ಶುರುವಾಗಿತ್ತು. ಕೂರಿಸುವಾಗ ಒಂದು ಎಚ್ಚರಿಕೆ: ಸ್ವಿಚ್ಚಿನ ಎರಡು ಲೋಹದ ಕಾಲು ನೆಟ್ಟಗಿರಬೇಕು, ಸೊಟ್ಟಗಿದ್ದುದನ್ನು ಒತ್ತಿದರೆ ಮಡಚಿಕೊಳ್ಳುತ್ತದೆ. ಬೆಸುಗೆ ಹಾಕಿದ ಬೋರ್ಡಾಗಿದ್ದರೆ ಇಡೀ ಕೀಬೋರ್ಡನ್ನು ಬಿಚ್ಚಿ ರಿಪೇರಿಯವರ ಹತ್ತಿರ ಒಯ್ಯಬೇಕಿತ್ತು, ಅಥವಾ ವಾರಂಟಿಗೆ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು. ಬದಲಿ ಸ್ವಿಚ್ಚುಗಳ ಪೊಟ್ಟಣಕ್ಕೆ ಕೆಲವು ನೂರು ರೂಪಾಯಿ ಅಷ್ಟೆ. ತರಿಸುವಾಗ ನಿಮ್ಮ ಬೋರ್ಡಿಗೆ ಹೊಂದುವುದನ್ನೇ ನೋಡಿ ತರಿಸಿ. ಕಡಿಮೆ ಬೆಲೆಯ ಕೆಲವು ಬೋರ್ಡುಗಳ ತೂತು ಸಣ್ಣದಿದ್ದು ಔಟೆಮುವಿನ ತೆಳು ಕಾಲು ಮಾತ್ರ ಒಳಗೆ ಹೋಗುತ್ತದೆ. ಐದು ಕಾಲಿನ ಸ್ವಿಚ್ ಮೂರು ಕಾಲಿನ ಬೋರ್ಡಿಗೆ ಬೇಕಾದರೆ ಪಕ್ಕದ ಎರಡು ಪ್ಲಾಸ್ಟಿಕ್ ಕಾಲನ್ನು ಉಗುರು ಕತ್ತರಿಯಲ್ಲಿ ಕತ್ತರಿಸಿದರಾಯಿತು.

ಆಪ್ಟಿಕಲ್ ಸ್ವಿಚ್ಚೂ ಒಂದು ದಾರಿ. ಅದರಲ್ಲಿ ಲೋಹ ತಾಗುವ ಪ್ರಶ್ನೆಯೇ ಇಲ್ಲ, ಬೆಳಕಿನ ಗೆರೆ ತುಂಡಾದಾಗ ಅಕ್ಷರ ಬೀಳುತ್ತದೆ. ದಂಡೆಗೆ ತೀರಾ ಹತ್ತಿರ ಮನೆ ಇರುವವರು, ಬೈತಖೋಲ, ಕೋಡಿಬಾಗದ ಕಡೆಯವರು, ಅದನ್ನೂ ಯೋಚಿಸಬಹುದು. ಆದರೆ ಬದಲಿ ಸ್ವಿಚ್ ಸಿಗುವುದು ಅಷ್ಟು ಸಲೀಸಲ್ಲ, ಸಾಮಾನ್ಯ ಸ್ವಿಚ್ ಅದರಲ್ಲಿ ಕೂರುವುದೂ ಇಲ್ಲ.

ಶಿರಸಿಯಲ್ಲಿ ಅಕ್ಕನ ಮಗ ಕಾಲೇಜಿಗೆ ಹೋಗುತ್ತಾನೆ, ಆರ್‌ಕೆ61 ಈಗ ಅವನ ಹತ್ತಿರ ಇದೆ. "ಮಾವ, ನಿಂಗೆ ಬೇಡದಿದ್ರೆ ನಂಗೆ ಕೊಡು, ಸ್ಕ್ರಾಲ್ ಲಾಕ್ ನಾನು ಯಾವತ್ತೂ ಒತ್ತಿದವನೇ ಅಲ್ಲ" ಎಂದ. ಅವನಿಗೆ ಅದು ಹೇಳಿ ಮಾಡಿಸಿದ್ದು. ಬರೆಯುವುದು ಪ್ರೋಗ್ರಾಮು, ಆಡುವುದು ಗೇಮು, ಹಾಸ್ಟೆಲಿಗೂ ಮನೆಗೂ ಹೊತ್ತು ತಿರುಗಬೇಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಘಟ್ಟದ ಮೇಲೆ ಉಪ್ಪುಗಾಳಿ ಇಲ್ಲ. ಮಳೆಗಾಲದಲ್ಲಿ ಥಂಡಿ ಹಿಡಿದು ಬೂಸಲು ಬರುತ್ತದೆ ನಿಜ. ನಮ್ಮಲ್ಲಿ ಹಳೆಯ ಒಂದು ಬೋರ್ಡಿನ ಕಬ್ಬಿಣದ ತಗಡಿನ ಮೇಲೆ ಸ್ಕ್ರೂ ಸುತ್ತ ಕೆಂಪು ತುಕ್ಕು ಎದ್ದಿದೆ, ಅಲ್ಲಿ ಅಂಥದ್ದು ಕಾಣಲಿಲ್ಲ. ಎರಡೂ ಊರಿಗೆ ಒಂದೇ ಆರೈಕೆ: ಕೆಲಸ ಮುಗಿದ ಮೇಲೆ ಬಟ್ಟೆ ಮುಚ್ಚುವುದು, ತಿಂಗಳಿಗೊಮ್ಮೆ ಕೀ ಮುಚ್ಚಳ ತೆಗೆದು ಒಣ ಬ್ರಶ್ಶಿನಲ್ಲಿ ಉಜ್ಜುವುದು. ನೀರು ಹಾಕಿ ಒರೆಸಬೇಡಿ.

ಕೀ ಮುಚ್ಚಳದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. ಎಬಿಎಸ್ ಪ್ಲಾಸ್ಟಿಕ್ಕಿಗೆ ಬೇಗ ಹೊಳಪು ಬರುತ್ತದೆ, ಪಿಬಿಟಿ ಪ್ಲಾಸ್ಟಿಕ್ ತರಿತರಿಯಾಗಿದ್ದು ಹಾಗೇ ಉಳಿಯುತ್ತದೆ. ಬೆವರುವ ಕೈಗೆ ಪಿಬಿಟಿ ಹಿತ. ಇನ್‌ಸ್ಕ್ರಿಪ್ಟ್ ಕಲಿಯುವವರು ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸುವುದಾದರೆ ಮಾತ್ರ ನಯವಾದ ಎಬಿಎಸ್ ಮೇಲೆ ಅದು ಗಟ್ಟಿ ನಿಲ್ಲುತ್ತದೆ.

ಆನ್‌ಲೈನಿನಲ್ಲಿ ತರಿಸಿದರೆ ಡಬ್ಬ ಬಿಚ್ಚಿದ ದಿನವೇ ನುಡಿ ತೆರೆದು ಅ ದಿಂದ ಳ ವರೆಗೆ ಎಲ್ಲ ಅಕ್ಷರ, ಎಲ್ಲ ಒತ್ತಕ್ಷರ ಬರೆದು ನೋಡಿ, ಸ್ಕ್ರಾಲ್ ಲಾಕ್ ಕೆಲಸ ಮಾಡುತ್ತದೆಯೇ ನೋಡಿ. ಸ್ಪೇಸ್ ಬಾರ್, ಎಂಟರ್, ಎರಡೂ ಶಿಫ್ಟುಗಳ ಎರಡು ತುದಿಯನ್ನೂ ಬೇರೆ ಬೇರೆಯಾಗಿ ಒತ್ತಿ. ಒಂದು ತುದಿ ಗಡಗಡ ಎಂದರೆ, ಇಲ್ಲವೇ ತಡವಾಗಿ ಮೇಲೆ ಬಂದರೆ, ಒಳಗಿನ ತಂತಿ ಸರಿಯಾಗಿ ಕೂತಿಲ್ಲ ಎಂದರ್ಥ. ಅಂಥದ್ದನ್ನು ವಾಪಸಿನ ಅವಧಿ ಮುಗಿಯುವ ಮೊದಲೇ ಕಳಿಸಿಬಿಡಿ. ಮಳೆಗಾಲದಲ್ಲಿ ಕೊರಿಯರ್‌ನವರು ಬರುವುದು ಒಂದೆರಡು ದಿನ ತಡವಾಗುತ್ತದೆ, ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.